ಬಟ್ಟು ಮುಟ್ಟಿದ ಬೀದಿ

ನನಗೆ ಸಿಟ್ಟು ಬಂದರೆ ನಗು ಬರುತ್ತದೆ. ಹುಟ್ಟುಗುಣ. ಅಮ್ಮ ಸತ್ತ ವರ್ಷ ಮನೆ ಮಾಲೀಕ ನಮ್ಮ ಪಾತ್ರೆ ಪಡಗಗಳನ್ನು ಬೀದಿಗೆ ಎಸೆದಾಗಲೂ ನಕ್ಕಿದ್ದೆ. ಅಕ್ಕ ಕೆನ್ನೆಗೆ ಬಾರಿಸಿದಳು. ಆಮೇಲೆ ಅವಳಿಗೂ ನಗು ಬಂತು. ಇಬ್ಬರೂ ಪಾತ್ರೆಗಳ ನಡುವೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದ್ದರಿಂದ ಇಲ್ಲಿ ನಾನು ನಕ್ಕೆ ಎಂದ ಕಡೆಯೆಲ್ಲ ಸಿಟ್ಟು ಬಂತು ಎಂದು ಓದಿಕೊಳ್ಳಿ.

ನನ್ನ ಕೆಲಸ ಹೊರುವುದು. ತೂಕ-ಅಳತೆ ಇಲಾಖೆಯ ಪೆಟ್ಟಿಗೆ ಹೊರುವುದು. ಹತ್ತೊಂಬತ್ತು ವರ್ಷದಿಂದ ಅದೇ ಪೆಟ್ಟಿಗೆ, ಅದೇ ತಲೆ. ಪೆಟ್ಟಿಗೆ ಮರದ್ದು. ಒಳಗೆ ಕೆಂಪು ಮಖಮಲ್ಲು. ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು ಮಲಗಿರುತ್ತವೆ. ಹತ್ತು ಕಿಲೋದ್ದು ಒಂದು, ಐದರದ್ದು ಒಂದು, ಎರಡರದ್ದು ಎರಡು, ಒಂದರದ್ದು ಒಂದು, ಹಾಗೇ ಇಳಿಯುತ್ತಾ ಇಳಿಯುತ್ತಾ ಅಂಗಿಯ ಗುಂಡಿಯಷ್ಟು ಚಿಕ್ಕವು. ಇವಕ್ಕೆ ಮಾದರಿ ಬಟ್ಟು ಎಂದು ಹೆಸರು. ಊರಿನ ಯಾವ ತಕ್ಕಡಿ ನಿಜ ಹೇಳುತ್ತದೆ, ಯಾವುದು ಸುಳ್ಳು ಹೇಳುತ್ತದೆ ಎಂದು ಇವನ್ನು ಇಟ್ಟು ನೋಡುತ್ತಾರೆ. ಪೆಟ್ಟಿಗೆಯೂ ಸೇರಿ ಇಪ್ಪತ್ತೊಂಬತ್ತು ಕಿಲೋ.

ನನ್ನ ನೆತ್ತಿಯಲ್ಲಿ ಅಂಗೈಯಗಲ ಕೂದಲಿಲ್ಲ. ಕತ್ತು ಎಡಕ್ಕೆ ತಿರುಗುವುದಿಲ್ಲ. ಎಡಗಡೆಯಿಂದ ಯಾರಾದರೂ ಕೂಗಿದರೆ ಇಡೀ ಮೈ ತಿರುಗಿಸಬೇಕು. ಬೀದಿಯವರು "ತೂಕದಮ್ಮನ ಗತ್ತು ನೋಡು, ಪೂರ್ತಿ ತಿರುಗಿದ್ರೇನೇ ಮಾತು" ಎಂದು ಚೇಷ್ಟೆ ಮಾಡುತ್ತಾರೆ. ತೂಕದಮ್ಮ ಎಂದರೆ ನಾನೇ. ಕತ್ತು ಹೋಯಿತು, ಒಂದು ವಿದ್ಯೆ ಬಂತು. ಯಾವ ಹೊರೆಯನ್ನಾದರೂ ತಲೆಯ ಮೇಲಿಡಿ, ಎಷ್ಟು ತೂಕ ಎಂದು ಹೇಳಿಬಿಡುತ್ತೇನೆ. ಐವತ್ತು ಗ್ರಾಂ ಆಚೀಚೆ ಆಗಬಹುದು, ಅಷ್ಟೆ. ಅಕ್ಷರ ಬಾರದು. ಅಂಕಿ ಚೆನ್ನಾಗಿ ಬರುತ್ತದೆ.

ಹೊರುವವಳು ನಾನು. ಮುಟ್ಟುವವರು ಸಾಹೇಬರು.

ಸಾಹೇಬರೆಂದರೆ ನಮ್ಮ ಇನ್ಸ್‌ಪೆಕ್ಟರು. ಅವರ ಕೈಗೆ ಯಾವಾಗಲೂ ಬಿಳಿ ಕೈಗವಸು. ಮೊದಲ ದಿನವೇ ಹೇಳಿದ್ದರು. "ಪೆಟ್ಟಿಗೆ ಹೊರು. ಒಳಗಿರೋದನ್ನ ಮುಟ್ಟಬೇಡ. ನಿನ್ನ ಕೈ ಬೆವರು ಅಂಟಿದ್ರೆ ಬಟ್ಟು ಕೆಟ್ಟುಹೋಗುತ್ತೆ." ಅವರ ಬಳಿ ಹಳದಿ ರಟ್ಟಿನ ನಿಯಮದ ಪುಸ್ತಕವೊಂದಿತ್ತು. ಅದರ ಎರಡು ನಿಯಮ ಕೇಳಿ ಕೇಳಿ ನನಗೆ ಬಾಯಿಪಾಠ. ಒಂದು, ಬರಿಗೈ ತಗುಲಿದ ಬಟ್ಟು ಮೇಲಿನ ಕಚೇರಿಯಲ್ಲಿ ಮರುಪರೀಕ್ಷೆ ಆಗುವವರೆಗೆ ಯಾವ ತಕ್ಕಡಿಯ ಮೇಲೂ ಕೂರುವಂತಿಲ್ಲ. ಎರಡು, ಪೆಟ್ಟಿಗೆ ಸಾಹೇಬರ ಕಣ್ಣು ತಪ್ಪಿ ಎಲ್ಲೂ ಹೋಗುವಂತಿಲ್ಲ. ಎರಡನೆಯದರ ಅರ್ಥ ನನಗೆ ಬಹಳ ತಡವಾಗಿ ಹೊಳೆಯಿತು.

ಹೋದ ವರ್ಷದ ಮಾತು. ಆಗ ಹಳೆಯ ಸರ್ಕಾರ. ಗಿರಾಕಿಗಳಿಗೆ ಮೋಸ ಮಾಡುವ ದೊಡ್ಡವರನ್ನು ಮೊದಲು ಹಿಡಿಯಿರಿ ಎಂದು ಆದೇಶವಿತ್ತು. ನಮ್ಮ ತರಕಾರಿ ಬೀದಿಯ ತುದಿಯಲ್ಲಿ ಗಾಜಿನ ದೊಡ್ಡಂಗಡಿಯಿದೆ. ಸಾಹೇಬರು ಅಲ್ಲಿಗೆ ಹೋದರು. ಐದು ಕಿಲೋಗೆ ಇನ್ನೂರು ಗ್ರಾಂ ಮೋಸ ಸಿಕ್ಕಿತು. ಒಂದು ವಾರ ಅಂಗಡಿಗೆ ಬೀಗ ಬಿತ್ತು. ಬೀದಿಯವರು ನನ್ನನ್ನು ಸಾಹೇಬರಿಗಿಂತ ಹೆಚ್ಚು ಹೊಗಳಿದರು.

ಅಂದೇ, ಅಂಗಡಿಯ ಮೆಟ್ಟಿಲು ಇಳಿಯುವಾಗ, ಸಾಹೇಬರ ಕೈಗವಸಿನಿಂದ ಎರಡು ಕಿಲೋ ಬಟ್ಟು ಜಾರಿತು. ಮೆಟ್ಟಿಲ ಮೇಲೆ ಟಣ್ ಟಣ್ ಎಂದು ಉರುಳಿ ಚರಂಡಿಯ ಕಡೆ ಹೊರಟಿತು. ನಾನು ಬಗ್ಗಿ ಕೈ ಚಾಚಿದೆ. ಸಾಹೇಬರ ಬೂಟು ನನ್ನ ಕೈ ಮೇಲೆ ಬಿತ್ತು.

"ಮುಟ್ಟಬೇಡ ಅಂದಿಲ್ವಾ ನಿಂಗೆ!"

ಬಟ್ಟು ಚರಂಡಿಗೆ ಬಿತ್ತು. ಸಾಹೇಬರು ಅದನ್ನು ಚರಂಡಿಯಿಂದ ತೆಗೆದರು. ನಲ್ಲಿಯಲ್ಲಿ ತೊಳೆದರು. ಒರೆಸಿ ಮಖಮಲ್ಲಿನಲ್ಲಿ ಮಲಗಿಸಿದರು. ಪೆಟ್ಟಿಗೆ ಮುಚ್ಚಿ ನನ್ನ ತಲೆಗೇರಿಸಿದರು. ಮೇಲಿನ ಕಚೇರಿಗೂ ಇಲ್ಲ, ಮರುಪರೀಕ್ಷೆಯೂ ಇಲ್ಲ. ಚರಂಡಿಯ ನೀರಿನಿಂದ ಕೆಡದ ಬಟ್ಟು ನನ್ನ ಕೈಯಿಂದ ಕೆಡುತ್ತಿತ್ತು. ನನ್ನ ಬಲಗೈ ಕಿರುಬೆರಳು ಅವತ್ತಿನಿಂದ ಸೊಟ್ಟ. ಇಪ್ಪತ್ತೊಂಬತ್ತು ಕಿಲೋ ಹೊತ್ತುಕೊಂಡು ಬೀದಿಯುದ್ದಕ್ಕೂ ನಗುತ್ತಾ ಹೋದೆ.

ಆಮೇಲೆ ಸರ್ಕಾರ ಬದಲಾಯಿತು.

ಕಚೇರಿಯ ಗೋಡೆಯ ಮೇಲಿದ್ದ ಮುಖ ಇಳಿಸಿ ಬೇರೆ ಮುಖ ನೇತುಹಾಕಿದರು. ಮೊಳೆ ಅದೇ. ಹಳೆಯ ಮುಖವನ್ನು ಗೋಡೌನಿಗೆ ಹೊತ್ತವಳು ನಾನೇ. ಚೌಕಟ್ಟು ಗಾಜು ಎಲ್ಲ ಸೇರಿ ನಾಲ್ಕು ಕಿಲೋ. ಹೊಸದನ್ನು ತಂದವಳೂ ನಾನೇ. ಆರೂವರೆ ಕಿಲೋ. ಚೌಕಟ್ಟಿಗೆ ಚಿನ್ನದ ಬಣ್ಣ ಬಳಿದಿದ್ದರು.

ಒಂದು ವಾರಕ್ಕೆ ಹೊಸ ಆದೇಶ ಬಂತು. ಸಾಹೇಬರು ಕಚೇರಿಯವರನ್ನೆಲ್ಲ ಕೂರಿಸಿಕೊಂಡು ಓದಿದರು. ನಾನು ಬಾಗಿಲ ಹೊರಗೆ ಪೆಟ್ಟಿಗೆಗೆ ಒರಗಿ ಕೂತಿದ್ದೆ.

"ಆದ್ಯತೆ ಬದಲಾಗಿದೆ. ದೊಡ್ಡ ವ್ಯಾಪಾರಿಗಳನ್ನ ನಂಬಬೇಕು. ಅವರ ತಕ್ಕಡಿಗೆ ಅವರೇ ಪ್ರಮಾಣಪತ್ರ ಬರ್ಕೋತಾರೆ. ನಾವು ಅಲ್ಲಿಗೆ ಹೋಗೋದು ಬೇಡ. ಮೋಸ ಇರೋದು ಬೀದಿ ಬದಿ. ಗಾಡಿಯವರು, ಬುಟ್ಟಿಯವರು. ಅಲ್ಲಿಂದ ಶುರು."

ಇನ್ನೊಂದು ಹಾಳೆಯೂ ಇತ್ತು. ವರ್ಷಕ್ಕೊಮ್ಮೆ ಬೀದಿಯಲ್ಲಿ ಮೇಜು ಹಾಕಿ ಬಡವರ ತಕ್ಕಡಿಗಳಿಗೆ ಮುದ್ರೆ ಒತ್ತುವ ಕ್ಯಾಂಪ್ ಮಾಡುತ್ತಿದ್ದೆವು. ಖರ್ಚು ಉಳಿಸಲು ಅದನ್ನು ನಿಲ್ಲಿಸಲಾಗಿದೆ. ಅಂದರೆ ಮುದ್ರೆ ಒತ್ತುವುದಿಲ್ಲ, ಮುದ್ರೆ ಇಲ್ಲದಿದ್ದರೆ ಬಿಡುವುದೂ ಇಲ್ಲ. ನಾನು ಬಾಗಿಲಾಚೆ ಕಿಸಕ್ಕನೆ ನಕ್ಕೆ.

"ಯಾರದು ಹಲ್ಲು ಕಿರಿಯೋದು?" ಎಂದರು ಸಾಹೇಬರು.

ಮರುದಿನ ದೊಡ್ಡಂಗಡಿಯ ಗಾಜಿಗೆ ಬಣ್ಣದ ಹಾಳೆಯೊಂದು ಅಂಟಿತು. ಏನು ಬರೆದಿದೆ ಎಂದು ಅಕ್ಕನನ್ನು ಕೇಳಿದೆ. ಅವಳಿಗೆ ನಾಲ್ಕು ಅಕ್ಷರ ಬರುತ್ತದೆ.

"ನಮ್ಮ ತಕ್ಕಡಿ ಸರಿಯಾಗಿದೆ ಅಂತ ಬರ್ದಿದೆ ಕಣೇ."

"ಯಾರು ಸಹಿ ಹಾಕಿರೋದು?"

"ಅವ್ರೇ."

ನಾನು ಅಲ್ಲೇ ಐದು ಕಿಲೋ ಹಿಟ್ಟು ತೂಗಿಸಿಕೊಂಡು ಬಂದು ಚೀಲವನ್ನು ತಲೆಯ ಮೇಲಿಟ್ಟೆ. ನಾಲ್ಕು ಕಿಲೋ ಎಂಟುನೂರು ಎಂದಿತು ಕತ್ತು. ಮರುದಿನ ಸಾಹೇಬರಿಗೆ ಹೇಳಿದೆ.

"ಸಾಹೇಬ್ರೇ, ದೊಡ್ಡಂಗಡಿಯೋರು ಮತ್ತೆ ಇನ್ನೂರು ಗ್ರಾಂ ತಿಂತಿದ್ದಾರೆ."

"ಯಾರು ಹೇಳಿದ್ದು?"

"ನನ್ನ ಕತ್ತು."

"ನಿನ್ನ ಕತ್ತೇನು ಸರ್ಕಾರಿ ಕತ್ತಾ? ಸುಮ್ನೆ ಪೆಟ್ಟಿಗೆ ಎತ್ಕೋ."

ಹತ್ತೊಂಬತ್ತು ವರ್ಷ ಸರ್ಕಾರದ್ದನ್ನೇ ಹೊತ್ತ ಕತ್ತು. ಆದರೂ ಸರ್ಕಾರಿ ಅಲ್ಲವಂತೆ.

ಈಗ ಅಕ್ಕನ ತಕ್ಕಡಿಯ ವಿಷಯ ಹೇಳಬೇಕು. ಅದು ಅಮ್ಮನದು. ಮಾಲೀಕ ಬೀದಿಗೆಸೆದ ಸಾಮಾನಿನಲ್ಲಿ ನಮಗೆ ಬದುಕು ಕೊಟ್ಟದ್ದು ಅದೊಂದೇ. ಕಬ್ಬಿಣದ ದಂಡ, ಎರಡು ತಟ್ಟೆ, ನಡುವೆ ನಾಲಿಗೆಯಂಥ ಮುಳ್ಳು. ಅದರಲ್ಲಿ ಟೊಮೆಟೊ, ಆಲೂಗಡ್ಡೆ ತೂಗಿ ಅಕ್ಕ ನನ್ನನ್ನು ಸಾಕಿದಳು. ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದರೆ "ತಕ್ಕಡಿನೇ ನನ್ನ ಗಂಡ, ಹೇಳಿದ ಮಾತು ಕೇಳುತ್ತೆ, ಕುಡಿಯಲ್ಲ" ಎನ್ನುತ್ತಿದ್ದಳು. ದಿನಾ ಬೆಳಿಗ್ಗೆ ಸೆರಗಿನಿಂದ ತಟ್ಟೆ ಒರೆಸಿ, ಎರಡೂ ಖಾಲಿ ಬಿಟ್ಟು, ಮುಳ್ಳು ನಡುವೆ ನಿಂತದ್ದು ನೋಡಿದ ಮೇಲೇ ಮೊದಲ ಗಿರಾಕಿ. ಕೂದಲೆಳೆಯಷ್ಟೂ ಮೋಸವಿರಲಿಲ್ಲ. ಮುದ್ರೆ ಮಾತ್ರ ಹೋದ ವರ್ಷದ್ದು.

ಜಪ್ತಿಯಾದ ತಕ್ಕಡಿ ವಾಪಸು ಬರುವುದಿಲ್ಲ. ಇಲಾಖೆಯ ಅಂಗಳದಲ್ಲಿ ಹಾಕಿ ಸುತ್ತಿಗೆಯಿಂದ ಬಡಿದು ಮುರಿಯುತ್ತಾರೆ. ಬಡಿಯುವವಳು ಯಾರು? ನಾನೇ. ಹೊರುವುದು, ಗುಡಿಸುವುದು, ಬಡಿಯುವುದು ಮೂರೂ ನನ್ನದೇ.

ದಾಳಿಯ ಹಿಂದಿನ ದಿನ ಅಕ್ಕನಿಗೆ ಹೇಳಿದೆ. "ನಾಳೆ ಗಾಡಿ ಹಾಕಬೇಡ."

"ಎಷ್ಟು ದಿನ ಹಾಕಬಾರದು?"

ನಾನು ಟೊಮೆಟೊ ಬುಟ್ಟಿಯನ್ನು ಒಳಗೆ ಎತ್ತಿಟ್ಟೆ.

"ನಾನೇನು ಕಳ್ಳಿಯೇನೇ ಬಚ್ಚಿಟ್ಟುಕೊಳ್ಳೋಕೆ? ಬರ್ಲಿ. ಇಟ್ಟು ನೋಡ್ಲಿ. ಸರಿಯಿದ್ರೆ ಬಿಡ್ತಾರೆ" ಎಂದಳು ಅಕ್ಕ. ಪಾಪ, ಅವಳಿಗೆ ಇಲಾಖೆಯೂ ತಕ್ಕಡಿಯ ಹಾಗೆಯೇ ಎಂಬ ನಂಬಿಕೆ.

ಬೆಳಿಗ್ಗೆ ಒಂಬತ್ತಕ್ಕೆ ವ್ಯಾನು ಬೀದಿಗೆ ನುಗ್ಗಿತು. ಸಾಹೇಬರು, ಒಬ್ಬ ಪೊಲೀಸಿನವ, ಡ್ರೈವರು. ಹಿಂದೆ ಪೆಟ್ಟಿಗೆ ಹೊತ್ತು ನಾನು. ವ್ಯಾನಿನಲ್ಲಿ ನನಗೂ ಪೆಟ್ಟಿಗೆಗೂ ಜಾಗವಿರಲಿಲ್ಲ. ಜಪ್ತಿಯಾಗುವ ತಕ್ಕಡಿಗಳಿಗೆ ಖಾಲಿ ಬಿಡಬೇಕಿತ್ತು.

ಮೊದಲು ಬಾಳೆಹಣ್ಣಿನ ತಾತ. ಮುದ್ರೆಯಿರಲಿ ಬಿಡಲಿ, ಬಟ್ಟು ಇಟ್ಟು ನೋಡಿ ಫಾರಂ ತುಂಬಿದ ಮೇಲೇ ಜಪ್ತಿ ಮಾಡಬೇಕು ಎಂದು ನಿಯಮ. ಸಾಹೇಬರು ಕೈಗವಸು ಬಿಗಿಮಾಡಿಕೊಂಡು ಒಂದು ತಟ್ಟೆಗೆ ಒಂದು ಕಿಲೋ ಬಟ್ಟು, ಇನ್ನೊಂದಕ್ಕೆ ತಾತನ ಒಂದು ಕಿಲೋ ಕಲ್ಲು ಇಟ್ಟರು. ಮುಳ್ಳು ನಡುವೆ ನಿಂತಿತು.

"ಸರಿಯಿದೆ ಅಲ್ವಾ ಸ್ವಾಮಿ?" ಎಂದ ತಾತ.

"ಸರಿಯಿದೆ. ಈ ವರ್ಷದ ಮುದ್ರೆ ಇಲ್ಲ. ವ್ಯಾನಿಗೆ ಹಾಕಿ."

"ಮುದ್ರೆ ಹಾಕೋ ಕ್ಯಾಂಪ್ ನೀವೇ ನಿಲ್ಸಿದ್ರಲ್ಲ?"

"ಅದು ಬೇರೆ ಆದೇಶ. ಇದು ಬೇರೆ ಆದೇಶ."

ತಾತನಿಗೆ ಎಪ್ಪತ್ತು ದಾಟಿದೆ. ವ್ಯಾನಿನೊಳಗೆ ತನ್ನ ತಕ್ಕಡಿ ಧಡ್ ಎಂದು ಬಿದ್ದ ಸದ್ದಿಗೆ ಮೈ ಕುಗ್ಗಿಸಿದ, ತನಗೇ ಪೆಟ್ಟು ಬಿದ್ದವನ ಹಾಗೆ. ನನ್ನ ಹೊಟ್ಟೆಯ ತಳದಲ್ಲಿ ನಗು ಎದ್ದಿತು. ತುಟಿ ಕಚ್ಚಿಕೊಂಡೆ.

ಎರಡನೆಯ ಗಾಡಿ ಅಕ್ಕನದು.

ಅಕ್ಕ ತಟ್ಟೆ ಒರೆಸಿ ಕಾಯುತ್ತಿದ್ದಳು. ತಕ್ಕಡಿಯನ್ನು ತಾನೇ ಎತ್ತಿ ಹಿಡಿದಳು, ನೋಡಿಕೊಳ್ಳಿ ಎಂಬಂತೆ. ತಾತನಿಗೆ ಆದದ್ದನ್ನು ಕಣ್ಣಾರೆ ಕಂಡಿದ್ದಳು, ಆದರೂ ಎತ್ತಿ ಹಿಡಿದಿದ್ದಳು.

"ಪೆಟ್ಟಿಗೆ ಇಳಿಸು. ಮುಚ್ಚಳ ತೆಗಿ" ಎಂದರು ಸಾಹೇಬರು.

ಇಳಿಸಿದೆ. ಮುಚ್ಚಳ ತೆಗೆದೆ. ಸಾಹೇಬರು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಳ್ಳುತ್ತಿದ್ದರು. ನನಗೆ ಅಂಗಳ ಕಂಡಿತು. ಸುತ್ತಿಗೆ ಕಂಡಿತು. ಸುತ್ತಿಗೆಯ ಕೆಳಗೆ ಅಮ್ಮನ ತಕ್ಕಡಿ. ಸುತ್ತಿಗೆ ಹಿಡಿದ ಕೈ ನನ್ನದು, ಸೊಟ್ಟ ಕಿರುಬೆರಳಿನ ಕೈ.

ಆಗ ನಗು ಬಂದೇಬಿಟ್ಟಿತು. ತಡೆಯಲಾಗಲಿಲ್ಲ. ನಗುತ್ತಲೇ ಮಖಮಲ್ಲಿಗೆ ಎರಡೂ ಕೈ ಹಾಕಿ ಹತ್ತು ಕಿಲೋ ಬಟ್ಟನ್ನು ಎತ್ತಿದೆ. ಬರಿಗೈಯಲ್ಲಿ. ತಣ್ಣಗಿತ್ತು. ಅಷ್ಟು ವರ್ಷ ಹೊತ್ತಿದ್ದೆ, ಅದು ತಣ್ಣಗಿರುತ್ತದೆ ಎಂದು ಗೊತ್ತಿರಲಿಲ್ಲ. ಮಗುವಿನಂತೆ ಎದೆಗವಚಿಕೊಂಡೆ.

"ಏಯ್! ಏನ್ ಮಾಡ್ತಿದ್ದೀಯ?"

"ಮುಟ್ಟಿದೆ ಸಾಹೇಬ್ರೇ."

"ಇಡು ಕೆಳಗೆ!"

"ಕೆಟ್ಟೋಯ್ತಲ್ಲ. ಇನ್ನು ಮೇಲಿನ ಕಚೇರಿಗೆ ಹೋಗಿಬರೋವರೆಗೂ ಇದನ್ನ ಯಾವ ತಕ್ಕಡಿ ಮೇಲೂ ಇಡೋ ಹಾಗಿಲ್ಲ. ನಿಮ್ಮ ಹಳದಿ ಪುಸ್ತಕದಲ್ಲೇ ಇದೆ."

ಸಾಹೇಬರ ಮುಖ ಟೊಮೆಟೊ ಆಯಿತು. ಆದರೆ ಸಾಹೇಬರು ದಡ್ಡರಲ್ಲ.

"ಹತ್ತು ಕಿಲೋದ್ದು ತಾನೇ? ಹೋಗ್ಲಿ. ಮಿಕ್ಕಿದ್ದು ಸಾಕು ನಂಗೆ" ಎಂದು ಪೆಟ್ಟಿಗೆಯ ಕಡೆ ಬಗ್ಗಿದರು.

"ಅಕ್ಕಾ, ಹಿಡಿ!" ಎಂದು ಐದು ಕಿಲೋದ್ದನ್ನು ಎತ್ತಿ ಅವಳ ಕೈಗಿಟ್ಟೆ.

ಅಕ್ಕ ಹಿಡಿದಳು. ಹಿಡಿದ ಮೇಲೆ ಹೆದರಿದಳು. "ನಿನ್ನ ಕೆಲ್ಸ ಹೋಗುತ್ತೆ ಕಣೇ!"

"ಹೋಗ್ಲಿ, ಕತ್ತಾದ್ರೂ ಉಳಿಯುತ್ತೆ!"

ಹೇಳಿದೆನೇ ಹೊರತು ನನಗೂ ಭಯವಿತ್ತು. ಅಷ್ಟರಲ್ಲಿ ಎದುರಿನಿಂದ ಮೀನಿನತ್ತೆ ಎದ್ದು ಬಂದಳು. ಬೀದಿಗೆಲ್ಲ ಅತ್ತೆ ಅವಳು. ಸೊಂಟದ ಮೇಲೆ ಕೈಯಿಟ್ಟು ನಿಂತರೆ ಬಸ್ಸು ನಿಲ್ಲುತ್ತದೆ. ಮೊಣಕೈವರೆಗೂ ಮೀನಿನ ಹುರುಪೆ ಅಂಟಿತ್ತು.

"ಏನಮ್ಮಾ ಇದು, ಮುಟ್ಟಿದ್ರೆ ಕೆಡುತ್ತಾ? ಕೊಡಿಲ್ಲಿ, ನಾನೂ ಒಂಚೂರು ಕೆಡಿಸ್ತೀನಿ."

ಎರಡು ಕಿಲೋದ್ದನ್ನು ಎತ್ತಿ ಎರಡೂ ಕೈಯಿಂದ ಉಜ್ಜಿದಳು. ಹಿತ್ತಾಳೆಯ ಮೇಲೆ ಹುರುಪೆ ಫಳಫಳ ಹೊಳೆಯಿತು. ಇಡೀ ಬೀದಿ ಹೋ ಎಂದಿತು. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಈರುಳ್ಳಿಯವನು ಬಂದ. ನಿಂಬೆಹಣ್ಣಿನವಳು ಬಂದಳು. ಚಪ್ಪಲಿ ಹೊಲಿಯುವವನು ತಕ್ಕಡಿಯೇ ಇಲ್ಲದಿದ್ದರೂ ಬಂದ, "ನಂಗೂ ಒಂದ್ಸಲ ಕೊಡ್ರೋ" ಎಂದು. ಬಟ್ಟುಗಳು ಕೈಯಿಂದ ಕೈಗೆ ಹಾರಿದವು. ಸಾಹೇಬರು ಬಿಳಿ ಕೈಗವಸು ಚಾಚಿಕೊಂಡು ಒಬ್ಬರಿಂದ ಒಬ್ಬರ ಬಳಿಗೆ ಓಡಿದರು. ಅವರು ಬರುವಷ್ಟರಲ್ಲಿ ಬಟ್ಟು ಮುಂದಿನವರ ಕೈಯಲ್ಲಿ.

"ಹಿಡೀರಿ ಅವರನ್ನ!" ಎಂದು ಪೊಲೀಸಿನವನಿಗೆ ಅರಚಿದರು.

ಪೊಲೀಸಿನವ ಎರಡು ಹೆಜ್ಜೆ ಮುಂದಿಟ್ಟ. ಮೀನಿನತ್ತೆ "ಹಿಡಿಯಪ್ಪಾ ಹಿಡಿ, ಬೀಳುತ್ತೆ!" ಎಂದು ಬಟ್ಟನ್ನು ಅವನತ್ತ ತೂರಿದಳು. ಅವನು ಲಾಠಿ ಕೈಬಿಟ್ಟು ಎರಡೂ ಕೈಯಲ್ಲಿ ಬಟ್ಟು ಹಿಡಿದ. ಬರಿಗೈ. ಅವನೇ ಒಂದು ಕ್ಷಣ ನೋಡಿಕೊಂಡ.

"ನೀನೂ ಮುಟ್ಟಿದ್ಯೇನಯ್ಯಾ!" ಎಂದರು ಸಾಹೇಬರು. ಅಳುವ ಹಾಗಿತ್ತು ದನಿ.

"ಕಾಲ್ ಮೇಲೆ ಬೀಳ್ತಿತ್ತು ಸಾರ್" ಎಂದ ಅವನು. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. ಟೋಪಿ ಅಡ್ಡ ಹಿಡಿದುಕೊಂಡು ನಕ್ಕ.

ಕೊನೆಗೆ ಉಳಿದದ್ದು ಒಂದು ಗ್ರಾಂ ಬಟ್ಟು. ಬಾಳೆಹಣ್ಣಿನ ತಾತ ನಾಲಿಗೆಗೆ ಬೆರಳು ತಾಗಿಸಿ, ಬೆರಳ ತುದಿಗೆ ಅದನ್ನು ಅಂಟಿಸಿಕೊಂಡು, ಸಾಹೇಬರ ಮೂಗಿನ ಮುಂದೆ ಎತ್ತಿ ತೋರಿಸಿದ. "ಇದೂ ಆಯ್ತು ಸ್ವಾಮಿ." ಮೆಲ್ಲಗೆ ಮಖಮಲ್ಲಿನಲ್ಲಿ ಇಟ್ಟ. ಸೀದಾ ವ್ಯಾನಿಗೆ ಹತ್ತಿ ತನ್ನ ತಕ್ಕಡಿ ಎತ್ತಿಕೊಂಡ. ಇಳಿಯುವಾಗ ಪೊಲೀಸಿನವನೇ ಅವನ ರಟ್ಟೆ ಹಿಡಿದು ಇಳಿಸಿದ.

ಬಟ್ಟುಗಳೆಲ್ಲ ಪೆಟ್ಟಿಗೆಗೆ ವಾಪಸು ಬಂದವು. ನಾನು ಎಣಿಸಿ ನೋಡಿದೆ, ಒಂದೂ ತಪ್ಪಿರಲಿಲ್ಲ. ಮೀನು, ಈರುಳ್ಳಿ, ನಿಂಬೆ, ಚರ್ಮ, ಎಲ್ಲದರ ವಾಸನೆ ಸೇರಿ ಮಖಮಲ್ಲು ಘಮಘಮ ಎನ್ನುತ್ತಿತ್ತು.

"ನಾಳೆಯಿಂದ ಬರಬೇಡ ನೀನು" ಎಂದರು ಸಾಹೇಬರು. ಪೆಟ್ಟಿಗೆಯನ್ನು ತಾವೇ ಎತ್ತಲು ಹೋದರು. ಮೊಣಕಾಲವರೆಗೆ ಬಂತು, ನಿಂತಿತು. ಡ್ರೈವರೂ ಅವರೂ ಸೇರಿ ಎಳೆದಾಡಿಕೊಂಡು ವ್ಯಾನಿಗೆ ಹಾಕಿದರು. ಬಂದಾಗ ಜಾಗವಿಲ್ಲದ ವ್ಯಾನಿನಲ್ಲಿ ಹೋಗುವಾಗ ಬೇಕಾದಷ್ಟು ಜಾಗವಿತ್ತು.

ಮೂರು ದಿನ ನಾನು ಅಕ್ಕನ ಗಾಡಿಯ ಪಕ್ಕ ಕೂತು ಆಲೂಗಡ್ಡೆ ಆರಿಸಿದೆ. ತಲೆ ಹಗುರ. ಮನಸ್ಸು ಹಗುರವಿರಲಿಲ್ಲ. ಬಟ್ಟು ಮರುಪರೀಕ್ಷೆಯಾಗಿ ಬಂದ ದಿನವೇ ವ್ಯಾನು ಮತ್ತೆ ಬರುತ್ತದೆ. ಅಷ್ಟರೊಳಗೆ ಮುದ್ರೆ ಬೀಳದಿದ್ದರೆ ಎಲ್ಲ ತಕ್ಕಡಿಯೂ ಹೋಗುತ್ತದೆ. ಬೀದಿಗೆಲ್ಲ ಇದು ಗೊತ್ತಿತ್ತು.

ನಾಲ್ಕನೆಯ ದಿನ ಡ್ರೈವರು ಬಂದ. ತಲೆ ಕೆರೆದುಕೊಂಡ.

"ತೂಕದಮ್ಮ, ಸಾಹೇಬ್ರು ಕರೀತಿದ್ದಾರೆ. ಪೆಟ್ಟಿಗೆ ಮೇಲಿನ ಕಚೇರಿಗೆ ಹೋಗಬೇಕು. ಅದು ನಾಲ್ಕನೇ ಮಹಡಿ. ಲಿಫ್ಟು ಕೆಟ್ಟು ಎರಡು ವರ್ಷ ಆಯ್ತು."

"ಬೇರೆಯೋರನ್ನ ತಗೊಳ್ಳಿ."

"ಹೊಸಬರನ್ನ ತಗೋಬಾರದು ಅಂತ ಆದೇಶ ಬಂದಿದೆ. ಹೊಸ ಸರ್ಕಾರದ್ದೇ."

ಅಕ್ಕ ಆಲೂಗಡ್ಡೆಯ ರಾಶಿಯ ಮೇಲೆ ಬಿದ್ದು ಬಿದ್ದು ನಕ್ಕಳು.

"ಬರ್ತೀನಿ" ಎಂದೆ. "ಆದ್ರೆ ಇನ್ಮೇಲೆ ಹೊರೋಳೂ ನಾನೇ, ಮುಟ್ಟೋಳೂ ನಾನೇ. ಒಪ್ಪಿಗೆ ಇದ್ರೆ ಹೇಳು. ಇನ್ನೊಂದು, ನಾನೊಬ್ಬಳೇ ಬರಲ್ಲ."

ನಾಲ್ಕು ಮಹಡಿ. ಎಂಬತ್ತೆಂಟು ಮೆಟ್ಟಿಲು. ಇಪ್ಪತ್ತೊಂಬತ್ತು ಕಿಲೋ. ಎರಡನೆಯ ಮಹಡಿಯಲ್ಲಿ ಬೆನ್ನ ಮೂಳೆ ಸಣ್ಣಗೆ ಹಾಡತೊಡಗಿತು. ಮೂರನೆಯದರಲ್ಲಿ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈ ಬಿಡುವಂತಿಲ್ಲ. ನನ್ನ ಹಿಂದೆ ಸಾಹೇಬರು, ಪೆಟ್ಟಿಗೆಯ ಮೇಲೆ ಕಣ್ಣಿಟ್ಟು. ಅವರ ಹಿಂದೆ ನಲವತ್ತೊಂದು ಜನ, ನಲವತ್ತೊಂದು ತಕ್ಕಡಿ. ತಟ್ಟೆಗಳು ಗೋಡೆಗೆ ತಗುಲಿ ಝಲ್ ಝಲ್ ಎನ್ನುತ್ತಿದ್ದವು. ಮಹಡಿ ಮಹಡಿಯಲ್ಲೂ ಗುಮಾಸ್ತರು ಬಾಗಿಲಿಗೆ ಬಂದು ನಿಂತರು, ಯಾರ ಮದುವೆಯ ದಿಬ್ಬಣವೋ ಎಂದು.

ಮೇಲಿನ ಕಚೇರಿಯಲ್ಲಿ ಪರೀಕ್ಷೆ ಮಾಡುವವರು ದಪ್ಪ ಕನ್ನಡಕದ ವಯಸ್ಸಾದ ಹೆಂಗಸು. ಎಲ್ಲರೂ ಪರೀಕ್ಷೆಯಮ್ಮ ಎನ್ನುತ್ತಾರೆ. ನಮ್ಮನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನಾಲ್ಕು ತಿಂಗಳಿಂದ ಈ ಕೋಣೆಗೆ ಒಬ್ರೂ ಬಂದಿಲ್ಲ. ಬನ್ನಿ ಬನ್ನಿ. ಏನ್ ಬರ್ದಿದ್ದೀರಿ ಕಾಗದದಲ್ಲಿ?" ಸಾಹೇಬರ ವರದಿಯನ್ನು ಗಟ್ಟಿಯಾಗಿ ಓದಿದರು. "ಬರಿಗೈ ಸ್ಪರ್ಶದಿಂದ ಎಲ್ಲ ಮಾದರಿ ಬಟ್ಟುಗಳು ಕೆಟ್ಟಿರುತ್ತವೆ. ಯಾರ ಕೈ?"

"ಇವಳದ್ದು. ಇವರೆಲ್ಲರದ್ದು" ಎಂದರು ಸಾಹೇಬರು.

ಗಾಜಿನ ಗೂಡಿನೊಳಗೆ ಯಂತ್ರವಿತ್ತು. ಅದರ ಎದೆಯಲ್ಲಿ ಅಂಕಿ ಹೊಳೆಯುವ ಚಿಕ್ಕ ಕಿಟಕಿ. ಇರಬೇಕಾದ ತೂಕಕ್ಕೂ ಇರುವ ತೂಕಕ್ಕೂ ವ್ಯತ್ಯಾಸ ಎಷ್ಟೋ ಅಷ್ಟು ಅಲ್ಲಿ ಬರುತ್ತದೆಯಂತೆ. ಪರೀಕ್ಷೆಯಮ್ಮ "ಇಡಮ್ಮ" ಎಂದರು ನನಗೆ. ಹತ್ತು ಕಿಲೋದ್ದನ್ನು ಇಟ್ಟೆ. ಅಂಕಿಗಳು ಓಡಾಡಿ ನಿಂತವು.

ಸೊನ್ನೆ.

ಐದರದ್ದು ಇಟ್ಟೆ. ಸೊನ್ನೆ. ಒಂದರದ್ದು ಸೊನ್ನೆ. ಮೀನಿನತ್ತೆ ಉಜ್ಜಿದ್ದು, ಅವರು ಬಟ್ಟೆಯಿಂದ ಒಂದು ಸಲ ಒರೆಸಿದ ಮೇಲೆ ಸೊನ್ನೆ. ತಾತ ಎಂಜಲು ಹಚ್ಚಿದ್ದೂ ಸೊನ್ನೆ.

"ಏನ್ ಕೆಟ್ಟಿದೆ ರೀ ಇದ್ರಲ್ಲಿ?" ಎಂದರು ಪರೀಕ್ಷೆಯಮ್ಮ. "ಕೈ ಮುಟ್ಟಿದ್ರೆ ಒಡೆದು ಹೋಗೋಕೆ ಇದೇನು ಹಾಲಾ? ಔಷಧಿ ತೂಗೋ ಬಟ್ಟಾದ್ರೆ ಆ ಮಾತು ಬೇರೆ. ಆಲೂಗಡ್ಡೆ ತೂಗೋದಕ್ಕೆ ಬೆವರಿನ ಲೆಕ್ಕ ಎಲ್ಲಿಂದ ಬಂತು?"

ಕೊನೆಯದು ಎರಡು ಕಿಲೋದ್ದು, ಜೋಡಿಯಲ್ಲಿ ಇನ್ನೊಂದು. ಇಟ್ಟೆ. ಕಿಟಕಿಯಲ್ಲಿ ಒಂದು ಅಡ್ಡಗೆರೆ, ಪಕ್ಕದಲ್ಲಿ ಎರಡರ ಅಂಕಿ. ಎರಡು ಗ್ರಾಂ ಕಡಿಮೆ. ಪರೀಕ್ಷೆಯಮ್ಮ ಬಟ್ಟನ್ನು ತಿರುಗಿಸಿ ಅಂಚು ತೋರಿಸಿದರು. ಚೂರು ಹಾರಿತ್ತು.

"ಇದು ಕೈಯಿಂದ ಆಗಿದ್ದಲ್ಲ. ಯಾರೋ ಕಲ್ಲಿನ ಮೇಲೆ ಬೀಳಿಸಿದ್ದಾರೆ. ಯಾರು?"

ಸಾಹೇಬರು ಕೈಗವಸು ತೊಟ್ಟ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ನನಗೆ ನಗು ಬರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಸಿಟ್ಟು ಬಂದೂ ನಗು ಬರಲಿಲ್ಲ. ನನ್ನ ಕಿರುಬೆರಳು ನೋಡಿಕೊಂಡೆ. ಹತ್ತೊಂಬತ್ತು ವರ್ಷ ಈ ಕೈ ಕೆಡಿಸುತ್ತದೆ ಎಂದು ಹೇಳಿದ್ದರು. ನಾನು ನಂಬಿದ್ದೆ. ಮನೆಯಲ್ಲಿ ಹೊಸ ಪಾತ್ರೆ ಮುಟ್ಟುವಾಗಲೂ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದೆ. ಅಕ್ಕನ ತಕ್ಕಡಿಯ ತಟ್ಟೆಯನ್ನು ಮುಟ್ಟಲೂ ಹಿಂಜರಿಯುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ಬಹಳ ಹೊತ್ತು ಬಂತು. ಅಕ್ಕ ಬಂದು ನನ್ನ ಬೆರಳನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು.

ಪರೀಕ್ಷೆಯಮ್ಮ ಕಪಾಟಿನಿಂದ ಬೇರೆ ಎರಡು ಕಿಲೋ ಬಟ್ಟು ತೆಗೆದುಕೊಟ್ಟರು. ಆಮೇಲೆ ಜನರ ಕಡೆ ತಿರುಗಿದರು.

"ನೀವೆಲ್ಲ ಯಾಕೆ ಬಂದಿದ್ದು?"

"ಮುದ್ರೆ ಹಾಕಿಸೋಕೆ."

"ಕ್ಯಾಂಪ್ ನಿಂತುಹೋಗಿದೆ" ಎಂದರು ಸಾಹೇಬರು ಥಟ್ಟನೆ. "ಆದೇಶ ಇದೆ."

"ಬೀದಿಗೆ ಹೋಗಿ ಹಾಕಬೇಡಿ ಅಂತ ಆದೇಶ. ಮೆಟ್ಟಿಲು ಹತ್ತಿ ಬಂದೋರಿಗೆ ಹಾಕಬೇಡಿ ಅಂತ ಎಲ್ಲಿದೆ, ತೋರಿಸಿ ನೋಡೋಣ." ಅವರು ತೋಳು ಮಡಿಸಿದರು. "ಸಾಲಾಗಿ ನಿಲ್ಲಿ. ಮೊದಲು ಯಾರು?"

ಅಕ್ಕ ತಕ್ಕಡಿ ಎತ್ತಿ ಹಿಡಿದಳು. ಮುಳ್ಳು ನಡುವೆ ನಿಂತಿತು. ಮುದ್ರೆ ಟಕ್ ಎಂದು ಬಿತ್ತು. ಅಕ್ಕ ಅದನ್ನು ಮೂಸಿ ನೋಡಿದಳು, ಏಕೆಂದು ಗೊತ್ತಿಲ್ಲ. ಎಲ್ಲರೂ ಸಿಳ್ಳೆ ಹಾಕಿದರು. ಮಧ್ಯಾಹ್ನ ಕಳೆಯುವಷ್ಟರಲ್ಲಿ ನಲವತ್ತೊಂದು ಟಕ್ ಆಯಿತು.

ಇಳಿಯುವಾಗ ಪೆಟ್ಟಿಗೆ ಹಗುರವೆನಿಸಿತು. ಅದೇ ಇಪ್ಪತ್ತೊಂಬತ್ತು ಕಿಲೋ. ಅಂದು ಮಾತ್ರ ನನ್ನ ಕತ್ತು ತಪ್ಪು ತೂಗಿತು.

ಬೀದಿಯ ತುದಿಗೆ ಬಂದೆವು. ಅಲ್ಲಿ ರಸ್ತೆ ಎರಡಾಗುತ್ತದೆ. ಎಡಕ್ಕೆ ನಮ್ಮ ಕಚೇರಿ. ಬಲಕ್ಕೆ ಗಾಜಿನ ದೊಡ್ಡಂಗಡಿ.

"ಎಡಕ್ಕೆ ತಿರುಗು" ಎಂದರು ಸಾಹೇಬರು.

"ನನ್ನ ಕತ್ತು ಎಡಕ್ಕೆ ತಿರುಗಲ್ಲ ಸಾಹೇಬ್ರೇ."

ಹೇಳಿ ಬಲಕ್ಕೆ ನಡೆದೆ. ಪೆಟ್ಟಿಗೆ ಅವರ ಕಣ್ಣು ತಪ್ಪಿ ಹೋಗುವಂತಿಲ್ಲವಲ್ಲ, ಅದೇ ಎರಡನೆಯ ನಿಯಮ. ಸಾಹೇಬರು "ಏಯ್, ನಿಲ್ಲು, ಏಯ್" ಎನ್ನುತ್ತಾ ಹಿಂದೆ ಓಡಿಬಂದರು. ಪೆಟ್ಟಿಗೆ ಎಲ್ಲಿಗೆ ಹೋಗುತ್ತದೋ ಸಾಹೇಬರು ಅಲ್ಲಿಗೆ ಬರಲೇಬೇಕು. ಹತ್ತೊಂಬತ್ತು ವರ್ಷ ನಾನು ಅವರ ಹಿಂದೆ ನಡೆಯುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ಎಂಥ ಪೆದ್ದಿ ನಾನು! ನಗು ವಾಪಸು ಬಂತು. ಗಾಜಿನ ಬಾಗಿಲನ್ನು ಕಾಲಿನಿಂದ ನೂಕಿದೆ. ನಲವತ್ತೊಂದು ತಕ್ಕಡಿಗಳು ಝಲ್ ಎಂದು ಒಳಗೆ ಬಂದವು.

ಅಂಗಡಿಯ ಮ್ಯಾನೇಜರು ಟೈ ಹಿಡಿದುಕೊಂಡು ಓಡಿಬಂದ. "ನಮಗೆ ಪ್ರಮಾಣಪತ್ರ ಇದೆ! ಗಾಜಿಗೆ ಅಂಟಿಸಿದ್ದೀವಿ!"

"ನೋಡಿದೀನಿ. ಅಕ್ಷರ ಚೆನ್ನಾಗಿದೆ" ಎಂದೆ.

ಗಿರಾಕಿಗಳ ಸಾಲು ತಾನಾಗಿ ಸರಿದು ದಾರಿ ಬಿಟ್ಟಿತು. ಪೆಟ್ಟಿಗೆ ಇಳಿಸಿದೆ. ಐದು ಕಿಲೋ ಬಟ್ಟನ್ನು ಬರಿಗೈಯಲ್ಲಿ ಎತ್ತಿ ಅವರ ಯಂತ್ರದ ಮೇಲೆ ಕೂರಿಸಿದೆ. ಕೆಂಪು ಅಂಕಿಗಳು ಬಂದು ನಿಂತವು. ಅಂಕಿ ನನಗೆ ಚೆನ್ನಾಗಿ ಬರುತ್ತದೆ.

"ಐದು ಕಿಲೋ ಇನ್ನೂರು!" ಎಂದು ಕೂಗಿದೆ. "ಐದು ಕಿಲೋ ಇಟ್ರೆ ಐದು ಇನ್ನೂರು ತೋರಿಸ್ತಿದೆ!"

ಚೀಲ ಹಿಡಿದಿದ್ದ ಹೆಂಗಸೊಬ್ಬಳು ತನ್ನ ಸಕ್ಕರೆ ಚೀಲವನ್ನೇ ನೋಡುತ್ತಾ ನಿಂತಳು. ಅಕ್ಕ ಮುದ್ರೆ ಬಿದ್ದ ತಕ್ಕಡಿಯನ್ನು ಎತ್ತಿ ಹಿಡಿದು "ಇದ್ರಲ್ಲಿ ತೂಗ್ತೀನಿ ಕೊಡಮ್ಮ" ಎಂದಳು. ಸಾಲಿನಲ್ಲಿದ್ದವರೆಲ್ಲ ಅಕ್ಕನ ಕಡೆ ತಿರುಗಿದರು.

ಸಾಹೇಬರು ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು. "ನೋಡು, ಇದು ಪಟ್ಟಿಯಲ್ಲಿಲ್ಲ. ಆದ್ಯತೆ ಬೇರೆ ಇದೆ. ನನ್ನ ಕೆಲ್ಸಕ್ಕೆ ಕುತ್ತು ಬರುತ್ತೆ."

"ಪಟ್ಟಿಯಲ್ಲಿಲ್ಲ ಸಾಹೇಬ್ರೇ, ಯಂತ್ರದ ಮೇಲಿದೆ. ಬರ್ಕೊಳ್ಳಿ."

"ಬರ್ಕೊಳ್ಳಿ ಸ್ವಾಮಿ" ಎಂದ ತಾತ. "ಬರ್ಕೋ ಮಗನೇ" ಎಂದಳು ಮೀನಿನತ್ತೆ, ಸೊಂಟದ ಮೇಲೆ ಕೈಯಿಟ್ಟು. ಆಮೇಲೆ ಅಂಗಡಿಯ ಗಿರಾಕಿಗಳೂ ಬರ್ಕೊಳ್ಳಿ ಬರ್ಕೊಳ್ಳಿ ಎನ್ನತೊಡಗಿದರು.

ಸಾಹೇಬರು ಫಾರಂ ತೆಗೆದರು. ಪೆನ್ನು ತೆಗೆದರು. ಕೈಗವಸಿನಲ್ಲಿ ಪೆನ್ನು ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಕೊನೆಗೆ ಬಲಗೈ ಕೈಗವಸನ್ನು ಬೆರಳು ಬೆರಳಾಗಿ ಎಳೆದು ತೆಗೆದರು.

ಹತ್ತೊಂಬತ್ತು ವರ್ಷದಲ್ಲಿ ಆ ಕೈಯನ್ನು ನಾನು ನೋಡಿದ್ದು ಅದೇ ಮೊದಲು. ಸಾಧಾರಣ ಕೈ. ಒದ್ದೆಮುದ್ದೆಯಾಗಿತ್ತು. ಅಂಗೈಯಿಂದ ಬೆವರು ಇಳಿದು ಫಾರಂ ಮೇಲೆ ತೊಟ್ಟಿಕ್ಕುತ್ತಿತ್ತು.